ಹುಡುಕುವವರಿಗೆ ನಮ್ಮ ಕಾಫಿ ಸಿಗಲಿ

ಕಡೂರು, ತರೀಕೆರೆ, ಅಜ್ಜಂಪುರದ ಬೆಳೆಗಾರ ಬಂಧುಗಳೇ,

ಕಾಫಿಪುಡಿ ಮಾರಲು ಜಾಲತಾಣ ತೆರೆದ ನಾವು, “ಗೂಗಲ್‌ನಲ್ಲಿ ಮೊದಲ ಸ್ಥಾನ ಖಾತ್ರಿ” ಎಂದವರಿಗೆ ಹಣ ತೆತ್ತು ಕೈಸುಟ್ಟುಕೊಂಡೆವು. ಅಂಥ ಖಾತ್ರಿಯನ್ನು ಯಾರೂ ಕೊಡಲಾರರೆಂದು ಗೂಗಲ್ ಸಂಸ್ಥೆಯೇ ಹೇಳುತ್ತದೆ.

ಹುಡುಕುವವರ ಕಣ್ಣಿಗೆ ನಮ್ಮ ಪುಟ ಬೀಳುವಂತೆ ಅಣಿಗೊಳಿಸುವ ಈ ವಿದ್ಯೆಗೆ ಎಸ್‌ಇಒ ಎನ್ನುತ್ತಾರೆ. ಕಲಿಯಲು ಆ ಸಂಸ್ಥೆಯದೇ ‘ಎಸ್‌ಇಒ ಸ್ಟಾರ್ಟರ್ ಗೈಡ್’ ಇದೆ. ಜನ ಯಾವ ಪದ ಹುಡುಕಿದಾಗ ನಮ್ಮ ಪುಟ ಕಂಡಿತೆಂಬುದನ್ನು ‘ಸರ್ಚ್ ಕನ್ಸೋಲ್’ ತೋರಿಸುತ್ತದೆ. ಎರಡಕ್ಕೂ ಶುಲ್ಕವಿಲ್ಲ. ಓದುವ ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿರಿ.

ತಲೆಬರಹದಲ್ಲಿ “ಉತ್ತಮ ಕಾಫಿ” ಎಂದರೆ ಸಾಲದು. ಊರು, ತಳಿ, ಹುರಿದ ಬಗೆ ಬರೆಯಿರಿ. ಬಾಬಾಬುಡನ್‌ಗಿರಿ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ; ಹಕ್ಕುಳ್ಳವರು ಆ ಹೆಸರನ್ನು ಮರೆಯದೆ ಬರೆಯಲಿ.

ಫಲಕ್ಕೆ ಕೆಲವು ತಿಂಗಳು ಬೇಕು. ಅಡಿಕೆ ಸಸಿ ನೆಟ್ಟು ವರ್ಷಗಟ್ಟಲೆ ಕಾಯುವ ನಮಗೆ ಅದೇನು ದೊಡ್ಡದಲ್ಲ.