ಸಂಗಾತಿ ಐಸಿಯುನಲ್ಲಿದ್ದಾಗ: ಹೊರಗೆ ಕಾಯುವವರ ಊಟ, ನಿದ್ದೆ, ಮಾತ್ರೆ

ಚಿಕ್ಕಪ್ಪ ಐಸಿಯು ಸೇರಿ ಅಂದಿಗೆ ನಾಲ್ಕನೇ ದಿನ. ನ್ಯುಮೋನಿಯಾ ರಕ್ತಕ್ಕೂ ಹರಡಿ, ವೆಂಟಿಲೇಟರ್ ಹಾಕಿದ್ದರು. ದ್ವಾರಕಾದ ಆ ಆಸ್ಪತ್ರೆಯ ಕಾಯುವ ಜಾಗದಲ್ಲಿ ಚಿಕ್ಕಮ್ಮ ಶಾಲು ಹೊದ್ದು ಕೂತಿದ್ದರು. ಜನವರಿಯ ಚಳಿ, ಆದರೂ ಅವರ ಹಣೆಯಲ್ಲಿ ಬೆವರು, ಕೈಯಲ್ಲಿ ನಡುಕ. ಕೇಳಿದರೆ, "ಏನೂ ಇಲ್ಲ ಕಣೇ, ಟೆನ್ಷನ್ ಅಷ್ಟೆ" ಅಂದರು. ಬೆಳಿಗ್ಗೆ ಏನು ತಿಂದಿರಿ ಎಂದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ, ಒಂದು ಲೋಟ ಚಹಾ ಕುಡಿದು, ಆಟೋ ಹತ್ತಿ ಬಂದಿದ್ದರು. ಗ್ಲುಕೋಮೀಟರ್‌ನಲ್ಲಿ ನೋಡಿದರೆ 52. ಬೆವರಿಗೂ ನಡುಕಕ್ಕೂ ಕಾರಣ ಟೆನ್ಷನ್ ಆಗಿರಲಿಲ್ಲ, ರಕ್ತದ ಸಕ್ಕರೆ ಕುಸಿದಿತ್ತು. ಇನ್ನು ಅರ್ಧ ಗಂಟೆ ಹಾಗೇ ಬಿಟ್ಟಿದ್ದರೆ ಎಮರ್ಜೆನ್ಸಿಯಲ್ಲಿ ಅದೇ ಮನೆಯ ಇನ್ನೊಬ್ಬರು ದಾಖಲಾಗುತ್ತಿದ್ದರು.

ನಾನು ಫಾರ್ಮಸಿ ಓದಿದವಳು, ಚಿಕ್ಕಮ್ಮನ ಮಾತ್ರೆಯ ಹೆಸರೂ ನನಗೆ ಗೊತ್ತಿತ್ತು. ಆದರೂ ನಾಲ್ಕು ದಿನ ಅವರ ಊಟದ ಬಗ್ಗೆ ವಿಚಾರಿಸಿರಲಿಲ್ಲ. ಮನೆಯವರೆಲ್ಲರ ಕಣ್ಣು ಒಳಗಿನ ಹಾಸಿಗೆಯ ಮೇಲೇ ಇತ್ತು. ಹಾಗಾಗಿ ಈ ಲೇಖನ ಹೊರಗೆ ಕೂತವರ ಬಗ್ಗೆ. ಗಂಡನೋ ಹೆಂಡತಿಯೋ ಒಳಗಿರುವಾಗ ಇನ್ನೊಬ್ಬರು ನಿಂತರೆ ಮಾತ್ರ ಮನೆ ನಿಲ್ಲುತ್ತದೆ.

ಮೊದಲು ನಿಮ್ಮದೇ ಮಾತ್ರೆ

ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆಗಳು ನೀವು ಊಟ ಮಾಡಿದರೂ ಬಿಟ್ಟರೂ ಇನ್ಸುಲಿನ್ ಸುರಿಸುತ್ತಲೇ ಇರುತ್ತವೆ. ಹೊಟ್ಟೆ ಖಾಲಿಯಿದ್ದರೆ ಸಕ್ಕರೆ ಇಳಿಯುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೂ ಇದೇ ಅಪಾಯ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಲ್ಲಿ ಹೀಗಾಗುವುದು ಅಪರೂಪ. ನಡುಕ, ಬೆವರು, ಎದೆ ಡವಗುಟ್ಟುವುದು, ಮಾತು ತೊದಲುವುದು, ಕಾರಣವಿಲ್ಲದ ಸಿಟ್ಟು, ಇವೆಲ್ಲ ಗಾಬರಿಯ ಲಕ್ಷಣಗಳಂತೆಯೇ ಕಾಣುತ್ತವೆ. ಐಸಿಯು ಹೊರಗೆ ಗಾಬರಿಯಾಗಿರುವವರನ್ನು ಕಂಡು ಯಾರೂ ಅನುಮಾನ ಪಡುವುದಿಲ್ಲ. ಸಕ್ಕರೆ 70ಕ್ಕಿಂತ ಕೆಳಗಿದ್ದರೆ, ಅಥವಾ ಅಳೆಯಲು ಸಾಧ್ಯವಿಲ್ಲದೆ ಅನುಮಾನ ಬಂದರೂ ಸರಿ, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿರದಿದ್ದರೆ ಇನ್ನೊಮ್ಮೆ ಕುಡಿಯಬೇಕು. ಆಮೇಲೆ ಇಡ್ಲಿಯೋ ಬ್ರೆಡ್ಡೋ ತಿನ್ನಲೇಬೇಕು, ಏಕೆಂದರೆ ಈ ಮಾತ್ರೆಗಳ ಪ್ರಭಾವ ಗಂಟೆಗಟ್ಟಲೆ ಇದ್ದು ಸಕ್ಕರೆ ಮತ್ತೆ ಇಳಿಯಬಹುದು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ತಕ್ಷಣ ಎಮರ್ಜೆನ್ಸಿಗೆ ಒಯ್ಯಿರಿ. ಊಟದ ಹೊತ್ತು ಏರುಪೇರಾಗುವ ದಿನಗಳಲ್ಲಿ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ನಿಮ್ಮ ವೈದ್ಯರಿಗೆ ಫೋನ್ ಮಾಡಿ ಕೇಳಿ. ಐದು ನಿಮಿಷದ ಕೆಲಸ.

ಬಿ.ಪಿ. ಮಾತ್ರೆಯದು ಬೇರೆ ಕಥೆ. ಅದು ಮನೆಯ ಡಬ್ಬಿಯಲ್ಲೇ ಉಳಿದುಬಿಡುತ್ತದೆ. ಗಂಡನ ಇಂಜೆಕ್ಷನ್‌ಗೆ ಸಾವಿರಾರು ರೂಪಾಯಿ ಎಣಿಸಿ ಕೊಡುವ ಹೆಂಗಸು ತನ್ನ ಒಂದು ಸ್ಟ್ರಿಪ್ ಮಾತ್ರೆಯನ್ನು "ಆಮೇಲೆ ನೋಡೋಣ" ಅನ್ನುವುದನ್ನು ಔಷಧಿ ಕೌಂಟರಿನಲ್ಲಿ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಂಡಸರೂ ಕಡಿಮೆಯಿಲ್ಲ, ತಾವು ಯಾವ ಮಾತ್ರೆ ನುಂಗುತ್ತೇವೆಂಬುದು ಹೆಂಡತಿಗೆ ಮಾತ್ರ ಗೊತ್ತಿರುತ್ತದೆ, ಅವರೋ ಒಳಗೆ ಮಲಗಿರುತ್ತಾರೆ. ಮೂರು ದಿನದ ಮಾತ್ರೆಯನ್ನು ಚೀಲದಲ್ಲಿ ಇಟ್ಟುಕೊಳ್ಳಿ.

ಕುರ್ಚಿಯಲ್ಲಿ ಮಲಗಿ ಸೊಂಟ ಹಿಡಿದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ದಿನವೂ ನುಂಗುವುದು ಬೇಡ. ಅವು ಬಿ.ಪಿ. ಏರಿಸುತ್ತವೆ, ಕೆಲವು ಬಿ.ಪಿ. ಮಾತ್ರೆಗಳ ಜೊತೆ ಸೇರಿ ಮೂತ್ರಪಿಂಡಕ್ಕೂ ಪೆಟ್ಟು ಕೊಡುತ್ತವೆ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸಾಕು. ರೋಗಿಯ ಚೀಲದಲ್ಲಿರುವ ನಿದ್ದೆ ಮಾತ್ರೆಯನ್ನು "ಅರ್ಧ ತಗೋತೀನಿ" ಅನ್ನಲೇಬೇಡಿ.

ಡಾಕ್ಟರ ಹತ್ತಿರ ಯಾರು ಮಾತಾಡಬೇಕು?

ಒಬ್ಬರು. ಅದು ಗಂಡ ಅಥವಾ ಹೆಂಡತಿಯೇ ಆಗಬೇಕೆಂದಿಲ್ಲ. ಐಸಿಯು ವೈದ್ಯರು ದಿನಕ್ಕೆ ಒಂದೆರಡು ಸಲ ಮಾತ್ರ ಮನೆಯವರೊಂದಿಗೆ ಮಾತಾಡುತ್ತಾರೆ. ಬೆಳಿಗ್ಗೆ ಮಗ, ಸಂಜೆ ಮೈದುನ ಹೋದರೆ ಇಬ್ಬರೂ ಅರ್ಧರ್ಧ ಕೇಳಿಸಿಕೊಂಡು ಬರುತ್ತಾರೆ, ರಾತ್ರಿ ಮನೆಯಲ್ಲಿ ಜಗಳ. ಒಂದು ನೋಟ್‌ಬುಕ್ ಇಡಿ. ತಾರೀಕು, ಮಾತಾಡಿದ ವೈದ್ಯರ ಹೆಸರು, ಹೇಳಿದ್ದು, ನಾಳೆ ಕೇಳಬೇಕಾದ್ದು, ಇಷ್ಟಿದ್ದರೆ ಸಾಕು. ಕೇಳಲು ಗೊತ್ತಾಗದಿದ್ದರೆ ಈ ಮೂರು ಪ್ರಶ್ನೆ ಸಾಕು: ನಿನ್ನೆಗಿಂತ ಇವತ್ತು ಹೇಗಿದ್ದಾರೆ, ನಿಮಗೆ ಈಗ ಯಾವುದರ ಚಿಂತೆ ಹೆಚ್ಚಿದೆ, ಮುಂದಿನ ಎರಡು ದಿನದಲ್ಲಿ ಏನನ್ನು ಎದುರು ನೋಡುತ್ತಿದ್ದೀರಿ.

"ಸ್ಟೇಬಲ್" ಎಂಬ ಮಾತಿಗೆ ಮನೆಯವರು ಗುಣವಾಗುತ್ತಿದೆ ಎಂದು ಅರ್ಥ ಮಾಡಿಕೊಳ್ಳುತ್ತಾರೆ. ಅದರರ್ಥ ಇದ್ದ ಸ್ಥಿತಿಯಲ್ಲೇ ಇದ್ದಾರೆ, ಸದ್ಯ ಇನ್ನಷ್ಟು ಕೆಟ್ಟಿಲ್ಲ ಎಂದಷ್ಟೇ. ತುಂಬ ಗಂಭೀರವಾಗಿದ್ದೂ ಸ್ಟೇಬಲ್ ಆಗಿರಬಹುದು. "ಸಪೋರ್ಟ್ ಕಡಿಮೆಯಾಗುತ್ತಿದೆ" ಎಂದರೆ ವೆಂಟಿಲೇಟರಿನದೋ, ರಕ್ತದೊತ್ತಡ ಹಿಡಿದಿಡುವ ಔಷಧದ್ದೋ ಅಗತ್ಯ ಇಳಿಯುತ್ತಿದೆ ಎಂದರ್ಥ, ಅದು ಒಳ್ಳೆಯ ಸುದ್ದಿ. ಆದರೆ ಔಷಧಿ ಚೀಟಿ (ಇಲ್ಲಿ ಪರ್ಚಿ ಅನ್ನುತ್ತಾರೆ) ಹಿಡಿದುಕೊಂಡು ಒಂದೊಂದೇ ಹೆಸರನ್ನು ಫೋನಿನಲ್ಲಿ ಹುಡುಕಿ ರೋಗಿಯ ಗತಿ ಅಳೆಯಲು ಹೋಗಬೇಡಿ. ಮೆರೊಪೆನಮ್ ಬರೆದರು ಎಂದಾಕ್ಷಣ ಕೈಮೀರಿತು ಎಂದಲ್ಲ. ಪರ್ಚಿಯನ್ನು ಲೆಕ್ಕಕ್ಕೆ ಬಳಸಿ. ತಂದದ್ದೆಷ್ಟು, ಬಳಸದೆ ಉಳಿದದ್ದೆಷ್ಟು ಎಂದು ವಾರ್ಡಿನಲ್ಲಿ ಕೇಳಿ, ಬಿಲ್ಲು ಇಟ್ಟುಕೊಂಡಿದ್ದರೆ ಒಡೆಯದ ಔಷಧಿ ವಾಪಸ್ ಕೊಡಬಹುದೇ ವಿಚಾರಿಸಿ.

ಹಣದ ವಿಷಯ ಚುಟುಕಾಗಿ ಹೇಳುತ್ತೇನೆ. ವಿಮೆಯಿದ್ದರೆ, ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಮೇ ಸುತ್ತೋಲೆಯಂತೆ ಕಂಪನಿ ನಗದುರಹಿತ ಚಿಕಿತ್ಸೆಯ ಕೋರಿಕೆಗೆ ಒಂದು ಗಂಟೆಯಲ್ಲಿ, ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಗೆ ಮೂರು ಗಂಟೆಯಲ್ಲಿ ಉತ್ತರಿಸಬೇಕು. ವಿಮೆಯ ಕಾಗದವನ್ನು ಸಂಗಾತಿಗೆ ಕೊಡಬೇಡಿ. ಅದನ್ನು ಸೋದರಮಾವನೋ ಆಫೀಸಿನ ಸ್ನೇಹಿತರೋ ನೋಡಿಕೊಳ್ಳಲಿ.

"ನನ್ನನ್ನೇ ಗುರುತು ಹಿಡಿಯಲಿಲ್ಲ"

ಏಳನೇ ದಿನ ಟ್ಯೂಬ್ ತೆಗೆದ ಮೇಲೆ ಚಿಕ್ಕಪ್ಪ ಚಿಕ್ಕಮ್ಮನನ್ನು ನೋಡಿ, ನೀವ್ಯಾರು, ನನ್ನನ್ನು ಹಾಸನದ ಬಸ್ಸು ಹತ್ತಿಸಿ ಅಂದರು. ಕೈಗೆ ಹಾಕಿದ್ದ ನಳಿಕೆ ಕೀಳಲು ನೋಡಿದರು. ಚಿಕ್ಕಮ್ಮ ಹೊರಬಂದು ಅತ್ತದ್ದು ಆ ಒಂದೇ ದಿನ. ಇದಕ್ಕೆ ಡೆಲಿರಿಯಂ ಎನ್ನುತ್ತಾರೆ. ಸೋಂಕು, ನಿದ್ದೆಗೇಡು, ಮಂಪರು ಔಷಧಿಗಳು, ಹಗಲು ರಾತ್ರಿ ತಿಳಿಯದ ದೀಪದ ಬೆಳಕು, ಎಲ್ಲ ಸೇರಿ ಮಿದುಳು ತಾತ್ಕಾಲಿಕವಾಗಿ ಗೊಂದಲಕ್ಕೆ ಬೀಳುತ್ತದೆ. ಐಸಿಯುನಲ್ಲಿ ಇದು ತುಂಬ ಸಾಮಾನ್ಯ, ಸಂಜೆ ಮೇಲೆ ಜಾಸ್ತಿ. ಹುಚ್ಚಲ್ಲ, ನಿಮ್ಮ ಮೇಲಿನ ಕೋಪವೂ ಅಲ್ಲ. ಹೆಚ್ಚಿನವರಲ್ಲಿ ದಿನಗಳಲ್ಲಿ ಇಳಿಯುತ್ತದೆ, ಕೆಲವರಿಗೆ ವಾರಗಳು ಬೇಕಾಗುತ್ತವೆ.

ಮನೆಯವರು ಇಲ್ಲಿ ನಿಜವಾಗಿ ಸಹಾಯ ಮಾಡಬಹುದು. ಕನ್ನಡಕ, ಕಿವಿಯ ಯಂತ್ರ ಒಳಗೆ ತಲುಪಿಸಿ. ಪ್ರತಿ ಭೇಟಿಯಲ್ಲೂ ಇವತ್ತು ಯಾವ ವಾರ, ನೀವು ಎಲ್ಲಿದ್ದೀರಿ, ನಾನು ಯಾರು ಎಂದು ಮೆಲ್ಲಗೆ ಹೇಳಿ. ವಾದಕ್ಕೆ ಹೋಗಬೇಡಿ. ದಿಲ್ಲಿಯಲ್ಲಿರುವ ಕನ್ನಡದವರಿಗೆ ಇನ್ನೊಂದು ಮಾತು. ಮೂವತ್ತು ವರ್ಷ ಹಿಂದಿಯಲ್ಲಿ ವ್ಯವಹಾರ ಮಾಡಿದವರೂ ಈ ಗೊಂದಲದಲ್ಲಿ ತಾಯ್ನುಡಿಗೆ ಮರಳಬಹುದು. ಒಳಗಿನ ನರ್ಸುಗಳಿಗೆ ಅದು ತಿಳಿಯದೆ, ರೋಗಿ ಏನೋ ಬಡಬಡಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ನಾನು ಒಂದು ಹಾಳೆಯಲ್ಲಿ ನೀರು, ನೋವು, ಉಸಿರು, ಚಳಿ, ಒಂದಕ್ಕೆ, ಎರಡಕ್ಕೆ ಎಂಬ ಪದಗಳನ್ನು ಹಿಂದಿ ಅಕ್ಷರದಲ್ಲಿ, ಎದುರಿಗೆ ಅರ್ಥದ ಸಮೇತ ಬರೆದು ಹಾಸಿಗೆಯ ಪಕ್ಕ ಅಂಟಿಸಲು ಕೊಟ್ಟೆ. ಅನುವಾದ ನನ್ನ ವೃತ್ತಿ, ಆದರೂ ನಾನು ಮಾಡಿದ ಅನುವಾದಗಳಲ್ಲಿ ಇಷ್ಟು ಉಪಯೋಗಕ್ಕೆ ಬಂದದ್ದು ಬೇರೆಯದಿಲ್ಲ.

ಮನೆಯಲ್ಲಿ

ಚಿಕ್ಕಮ್ಮನ ಕಿರಿಯ ಮಗನಿಗೆ ಹನ್ನೊಂದು ವರ್ಷ. ಅಪ್ಪ ಟೂರ್ ಹೋಗಿದ್ದಾರೆ ಎಂದು ಅವನಿಗೆ ಹೇಳಿದ್ದೆವು. ಮೂರನೇ ದಿನ ಅವನು ಲಿಫ್ಟಿನಲ್ಲಿ ಪಕ್ಕದ ಮನೆಯವರ ಮಾತು ಕೇಳಿ ತಿಳಿದುಕೊಂಡ, ಆಮೇಲೆ ನಾವು ಹೇಳಿದ ಯಾವುದನ್ನೂ ನಂಬಲಿಲ್ಲ. ಮಕ್ಕಳಿಗೆ ಚಿಕ್ಕ ಮಾತಿನಲ್ಲಿ ನಿಜ ಹೇಳಿ: ಅಪ್ಪನ ಶ್ವಾಸಕೋಶಕ್ಕೆ ದೊಡ್ಡ ಕಾಯಿಲೆ ಬಂದಿದೆ, ಯಂತ್ರ ಉಸಿರಾಡಲು ಸಹಾಯ ಮಾಡುತ್ತಿದೆ, ಡಾಕ್ಟರು ಪ್ರಯತ್ನ ಮಾಡುತ್ತಿದ್ದಾರೆ, ಇದು ನಿನ್ನಿಂದ ಆದದ್ದಲ್ಲ. ಕೊನೆಯ ಮಾತನ್ನು ಬಿಡಬೇಡಿ. ಅಪ್ಪನಿಗೆ ಖಂಡಿತ ವಾಸಿಯಾಗುತ್ತದೆ ಎಂಬ ಭಾಷೆ ಮಾತ್ರ ಕೊಡಬೇಡಿ. ಶಾಲೆ, ಆಟ, ಊಟದ ಹೊತ್ತು ಆದಷ್ಟು ಹಾಗೇ ನಡೆಯಲಿ.

ಊರಿನಿಂದ ಅತ್ತೆ ಮಾವ ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ಬಂದಿಳಿದರೆ ಅವರನ್ನು ನೇರ ಆಸ್ಪತ್ರೆಗೆ ಕರೆತಂದು ಕೂರಿಸಬೇಡಿ. ಅವರ ಮಾತ್ರೆಗಳ ಪಟ್ಟಿ ಮಾಡಿ, ಮೊಮ್ಮಗನ ಜೊತೆ ಮನೆಯಲ್ಲಿ ಇರಿಸಿ. ಅವರಿಗೂ ಒಂದು ಕೆಲಸ ಸಿಕ್ಕಂತಾಗುತ್ತದೆ. ದ್ವಾರಕಾದ ಸೊಸೈಟಿಗಳಲ್ಲಿ ಒಳ್ಳೆಯ ಜನ ಇದ್ದಾರೆ, "ಏನಾದರೂ ಬೇಕಾದರೆ ಹೇಳಿ" ಅನ್ನುತ್ತಾರೆ. ಏನು ಬೇಕೆಂದು ಯೋಚಿಸುವುದೇ ಆಗ ದೊಡ್ಡ ಹೊರೆ. ಮಂಗಳವಾರ ರಾತ್ರಿಯ ಊಟ, ಮಗುವನ್ನು ಶಾಲೆ ಬಸ್ಸಿಗೆ ಬಿಡುವುದು, ಶುಕ್ರವಾರ ರಾತ್ರಿ ಆಸ್ಪತ್ರೆಯಲ್ಲಿ ಇರುವುದು ಎಂದು ಬಿಡಿಬಿಡಿಯಾಗಿ ಬರೆದು ಹಂಚಿ. ಸಂಜೆ ಒಂದೇ ವಾಟ್ಸಾಪ್ ಸಂದೇಶವನ್ನು ಬೇರೆ ಯಾರಾದರೂ ಎಲ್ಲರಿಗೂ ಕಳಿಸಲಿ. ಐವತ್ತು ಜನಕ್ಕೆ ಅದೇ ಕಥೆ ಹೇಳುವುದರಲ್ಲೇ ಚಿಕ್ಕಮ್ಮನ ಧ್ವನಿ ಬಿದ್ದುಹೋಗಿತ್ತು. ಐಸಿಯುನಲ್ಲಿರುವ ರೋಗಿಯ ಜೊತೆ ರಾತ್ರಿ ಮಲಗಲು ಒಳಗೆ ಬಿಡುವುದಿಲ್ಲ. ಹೊರಗಿನ ಕುರ್ಚಿಯ ಸರದಿಯನ್ನು ಬೇರೆಯವರಿಗೆ ಕೊಟ್ಟು ಸಂಗಾತಿ ಮನೆಯಲ್ಲಿ ಆರು ಗಂಟೆ ಮಲಗಿದರೆ ಅದು ನಿಷ್ಠೆ ತಪ್ಪಿದಂತಲ್ಲ. ಇದನ್ನು ಅತ್ತೆಯೋ ಅಕ್ಕನೋ ಬಾಯಿಬಿಟ್ಟು ಹೇಳಬೇಕು, ಇಲ್ಲದಿದ್ದರೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ.

ರೋಗಿ ಮನೆಗೆ ಬಂದ ಮೇಲೂ ಮನೆಯವರ ನಿದ್ದೆಗೇಡು, ಫೋನ್ ಸದ್ದಿಗೆ ಬೆಚ್ಚುವುದು, ಅಳು ತಿಂಗಳುಗಟ್ಟಲೆ ಉಳಿಯಬಹುದು. ಐಸಿಯು ನಂತರ ಕುಟುಂಬದವರಲ್ಲಿ ಕಾಣುವ ಈ ತೊಂದರೆಗೆ ವೈದ್ಯಶಾಸ್ತ್ರದಲ್ಲಿ ಹೆಸರೇ ಇದೆ. ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡ ಆಯ್ದುಕೊಳ್ಳಬಹುದು. ಬದುಕೇ ಬೇಡ ಎಂಬ ಯೋಚನೆ ಬಂದರೆ ಅದೇ ದಿನ ಕರೆ ಮಾಡಿ.

ಚಿಕ್ಕಪ್ಪ ಹತ್ತೊಂಬತ್ತನೇ ದಿನ ಮನೆಗೆ ಬಂದರು. ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ಹೊಸ ಬಿ.ಪಿ. ಮಾತ್ರೆಯ ಹೆಸರು, ಮನೆಯ ಡಬ್ಬಿಯಲ್ಲಿ ಹಳೆಯದು. ಬ್ರ್ಯಾಂಡ್ ಬೇರೆ ಬೇರೆ, ಸಣ್ಣ ಅಕ್ಷರದಲ್ಲಿ ನೋಡಿದರೆ ಎರಡೂ ಆಮ್ಲೋಡಿಪಿನ್. ಚಿಕ್ಕಮ್ಮ ಎರಡನ್ನೂ ತಟ್ಟೆಯಲ್ಲಿ ಇಟ್ಟಿದ್ದರು. ಡಿಸ್ಚಾರ್ಜ್ ದಿನ ಹಳೆಯ ಮಾತ್ರೆಗಳನ್ನೆಲ್ಲ ಆಸ್ಪತ್ರೆಗೇ ಒಯ್ದು, ಯಾವುದು ಮುಂದುವರಿಯುತ್ತದೆ, ಯಾವುದು ನಿಲ್ಲುತ್ತದೆ ಎಂದು ವೈದ್ಯರಿಂದಲೋ ಅಲ್ಲಿನ ಫಾರ್ಮಸಿಸ್ಟರಿಂದಲೋ ಒಂದೊಂದಕ್ಕೂ ಗುರುತು ಹಾಕಿಸಿಕೊಳ್ಳಿ. ನಾವು ಹಳೆಯ ಸ್ಟ್ರಿಪ್ ತೆಗೆದಿಟ್ಟು ಎರಡು ಡಬ್ಬಿ ಮಾಡಿದೆವು, ಒಂದು ಚಿಕ್ಕಪ್ಪನದು, ಒಂದು ಚಿಕ್ಕಮ್ಮನದು. ಚಿಕ್ಕಮ್ಮನ ಡಬ್ಬಿಯ ಮುಚ್ಚಳದ ಮೇಲೆ ಅವರ ಮಗ "ತಿಂಡಿ ತಿಂದ್ರಾ?" ಎಂದು ಬರೆದಿದ್ದಾನೆ.