ಎಣ್ಣೆಯೊಳಗಿನ ಕಪ್ಪು ಕಿಲುಬು

ಬಚ್ಚಲುಮನೆಯ ತಾಮ್ರದ ಹಂಡೆಗೆ ಕಿಲುಬು ಹಿಡಿದರೆ ನಮ್ಮ ಹೆಂಗಸರ ಕಣ್ಣಿಗೆ ಕೂಡಲೇ ಬೀಳುತ್ತದೆ. ಹುಣಸೆಹುಳಿ ಹಾಕಿ ತಿಕ್ಕಿದರೆ ಹಂಡೆ ಮತ್ತೆ ಥಳಥಳಿಸುತ್ತದೆ. ಅದೇ ತಾಮ್ರವು ಎಣ್ಣೆ ತುಂಬಿದ ಉಕ್ಕಿನ ಪೆಟ್ಟಿಗೆಯೊಳಗೆ ವರ್ಷಗಟ್ಟಲೆ ಮುಳುಗಿದ್ದು, ಅಲ್ಲಿ ಅದಕ್ಕೆ ಕಿಲುಬು ಹಿಡಿದರೆ ನೋಡುವವರು ಯಾರು? ವಿದ್ಯುತ್ ಉಪಕೇಂದ್ರಗಳ ದೊಡ್ಡ ಟ್ರಾನ್ಸ್‌ಫಾರ್ಮರುಗಳ ವಿಷಯದಲ್ಲಿ ಈ ಪ್ರಶ್ನೆ ಸಣ್ಣದಲ್ಲ. ಒಂದು ಟ್ರಾನ್ಸ್‌ಫಾರ್ಮರ್ ಸುಟ್ಟುಹೋದರೆ ಊರೂರುಗಳ ದೀಪ, ಕುಡಿಯುವ ನೀರಿನ ಪಂಪು, ಆಸ್ಪತ್ರೆ ಎಲ್ಲವೂ ಸಂಕಟಕ್ಕೆ ಬೀಳುತ್ತವೆ. ಹೊಸದನ್ನು ತಯಾರಿಸಿ ತರುವುದಕ್ಕೆ ತಿಂಗಳುಗಳೇ ಬೇಕು.

ಈ ವಿಚಾರವನ್ನು ಹೇಳುವಾಗ ನಮಗೆ ಮರಾಠವಾಡದ ಗಡಿಯ ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ನೆನಪಾಗುತ್ತದೆ. 1956ರ ನವೆಂಬರ್ 1ರಂದು ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದಂತೆಯೇ, ಅದೇ ದಿನ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ ಮತ್ತು ಉದಗೀರ ಆಗಿನ ಮುಂಬಯಿ ರಾಜ್ಯಕ್ಕೆ ಹೋದವು. ಉಮರ್ಗಾ ಉಸ್ಮಾನಾಬಾದ್ ಜಿಲ್ಲೆಯೊಂದಿಗೆ ಅತ್ತ ಸೇರಿತು. ಇಲ್ಲಿ ನಾವು ಮಲಯಾಳದ ನಡುವೆ ಇರುವಂತೆ ಅಲ್ಲಿಯ ಕನ್ನಡ ಮನೆಗಳು ಮರಾಠಿಯ ನಡುವೆ ಇವೆ. ಇನ್ನೊಂದು ನಂಟೂ ಉಂಟು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ನಡುವಿನ 765 ಕಿಲೋವೋಲ್ಟಿನ ತಂತಿಮಾರ್ಗದ ಮೂಲಕ ದಕ್ಷಿಣದ ವಿದ್ಯುತ್ ಜಾಲವು ದೇಶದ ಉಳಿದ ಜಾಲದೊಂದಿಗೆ ಕೂಡಿಕೊಂಡಿತು. ಅಂದಿನಿಂದ ಉಮರ್ಗಾದ ದೀಪವೂ ನಮ್ಮ ಕುಂಬಳೆಯ ದೀಪವೂ ಒಂದೇ ಜಾಲದಲ್ಲಿ ಉರಿಯುತ್ತಿವೆ.

ಆದರೆ ಎರಡು ಕಡೆಯ ಹವೆ ಬೇರೆ. ನಮ್ಮಲ್ಲಿ ಕಡಲಿನ ಉಪ್ಪುಗಾಳಿ ಮತ್ತು ಮಳೆ ಸೇರಿ ಟ್ರಾನ್ಸ್‌ಫಾರ್ಮರಿನ ಹೊರಮೈಯನ್ನು ತಿನ್ನುತ್ತವೆ. ಈ ತುಕ್ಕು ಕಣ್ಣಿಗೆ ಕಾಣುತ್ತದೆ. ಉಜ್ಜಿ ಬಣ್ಣ ಬಳಿಯಬಹುದು. ಮರಾಠವಾಡದ ಬೇಸಿಗೆಯಾದರೋ 40 ಡಿಗ್ರಿಯನ್ನು ಮೀರುತ್ತದೆ. ಬಾವಿಗಳ ಪಂಪುಗಳೆಲ್ಲ ಒಟ್ಟಿಗೆ ನಡೆಯುವ ಹೊತ್ತಿನಲ್ಲಿ ಹೊರೆಯೂ ಏರಿ ಒಳಗಿನ ಎಣ್ಣೆ ಇನ್ನಷ್ಟು ಕಾಯುತ್ತದೆ. ಹೀಗೆ ಕಾದ ಎಣ್ಣೆಯಲ್ಲೇ ಒಳಗಿನ ಕಿಲುಬಿಗೆ ಅವಕಾಶ.

ಅದು ಹೇಗೆಂದು ನೋಡೋಣ. ಟ್ರಾನ್ಸ್‌ಫಾರ್ಮರಿನೊಳಗೆ ತಾಮ್ರದ ಸುರುಳಿಗಳಿಗೆ ಕಾಗದ ಸುತ್ತಿ ಎಣ್ಣೆಯಲ್ಲಿ ಮುಳುಗಿಸಿಡುತ್ತಾರೆ. ಎಣ್ಣೆ ಶಾಖವನ್ನು ಹೊರಗೆ ಒಯ್ಯುತ್ತದೆ. ಕಾಗದವೂ ಎಣ್ಣೆಯೂ ಸೇರಿ, ಒಂದು ಸುತ್ತಿನ ವಿದ್ಯುತ್ತು ಇನ್ನೊಂದು ಸುತ್ತಿಗೆ ಹಾರದಂತೆ ತಡೆಯುತ್ತವೆ. ಈ ಎಣ್ಣೆ ಭೂಮಿಯಿಂದ ತೆಗೆದ ಕಲ್ಲೆಣ್ಣೆಯಿಂದ ಬಂದದ್ದು. ಆದುದರಿಂದ ಅದರಲ್ಲಿ ಗಂಧಕದ ಸಂಯುಕ್ತಗಳು ಸ್ವಲ್ಪವಾದರೂ ಇರುತ್ತವೆ. ಹೆಚ್ಚಿನವು ನಿರಪಾಯಕಾರಿ. ಆದರೆ ಡೈಬೆಂಜೈಲ್ ಡೈಸಲ್ಫೈಡ್ ಮುಂತಾದ ಕೆಲವು, ಶಾಖ ಏರಿದಾಗ ತಾಮ್ರದೊಂದಿಗೆ ಸೇರಿ ತಾಮ್ರದ ಸಲ್ಫೈಡ್ ಎಂಬ ಕಪ್ಪು ವಸ್ತುವಾಗುತ್ತವೆ. ಈ ಕಪ್ಪು ಕಿಲುಬು ತಾಮ್ರದ ಮೇಲೆಯೇ ಉಳಿಯದೆ ಕಾಗದದ ಮೇಲೂ ಕೂರುತ್ತದೆ. ಅದು ವಿದ್ಯುತ್ತನ್ನು ಹರಿಯಗೊಡುವ ವಸ್ತು. ತಡೆಯಬೇಕಾದ ಕಾಗದವೇ ಹೀಗೆ ದಾರಿ ಬಿಟ್ಟುಕೊಟ್ಟರೆ, ಒಂದು ದಿನ ಸುತ್ತಿನಿಂದ ಸುತ್ತಿಗೆ ಕಿಡಿ ಹಾರಿ ಟ್ರಾನ್ಸ್‌ಫಾರ್ಮರ್ ಹಾಳಾಗುತ್ತದೆ.

ಈ ಶತಮಾನದ ಮೊದಲ ವರ್ಷಗಳಲ್ಲಿ ಬ್ರೆಜಿಲ್ ಮೊದಲಾದ ದೇಶಗಳಲ್ಲಿ ದೊಡ್ಡ ರಿಯಾಕ್ಟರುಗಳೂ ಟ್ರಾನ್ಸ್‌ಫಾರ್ಮರುಗಳೂ ಈ ಕಾರಣದಿಂದ ಕೆಟ್ಟವು. ಅವುಗಳ ಎಣ್ಣೆ ಅಂದಿನ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದೇ ಆಗಿತ್ತು! ಹಳೆಯ ಪರೀಕ್ಷೆಯಲ್ಲಿ ತಾಮ್ರದ ಪಟ್ಟಿಯನ್ನು 140 ಡಿಗ್ರಿಯ ಎಣ್ಣೆಯಲ್ಲಿ 19 ಗಂಟೆ ಇಟ್ಟು ಪಟ್ಟಿ ಕಪ್ಪಾಗಿದೆಯೇ ಎಂದು ನೋಡುತ್ತಿದ್ದರು. ನಿಧಾನವಾಗಿ ಕಚ್ಚುವ ಗಂಧಕಕ್ಕೆ ಅಷ್ಟು ಹೊತ್ತು ಸಾಲದೆಂದು ಆಮೇಲೆ ತಿಳಿಯಿತು. ಪ್ಯಾರಿಸಿನಲ್ಲಿ ಕೇಂದ್ರವುಳ್ಳ ಸಿಗ್ರೆ ಎಂಬ ವಿದ್ಯುತ್ ತಜ್ಞರ ಅಂತಾರಾಷ್ಟ್ರೀಯ ಸಂಸ್ಥೆ ಈ ಕುರಿತು 2009ರಲ್ಲಿ ವರದಿಯೊಂದನ್ನು ಪ್ರಕಟಿಸಿತು. ಅದಕ್ಕೂ ಮೊದಲೇ, 2008ರಲ್ಲಿ, ಹೊಸ ಅಂತಾರಾಷ್ಟ್ರೀಯ ಪರೀಕ್ಷಾಕ್ರಮ ಬಂದಿತ್ತು. ಇದರಲ್ಲಿ ಬರಿಯ ತಾಮ್ರವನ್ನಲ್ಲ, ಕಾಗದ ಸುತ್ತಿದ ತಾಮ್ರವನ್ನೇ 150 ಡಿಗ್ರಿಯ ಎಣ್ಣೆಯಲ್ಲಿ 72 ಗಂಟೆ ಇಟ್ಟು, ಕಾಗದವನ್ನು ಬಿಚ್ಚಿ ನೋಡುತ್ತಾರೆ. ಕಾಗದದ ಮೇಲೆ ಲೋಹದ ಹೊಳಪು ಕಂಡರೆ ಎಣ್ಣೆಯನ್ನು ನಂಬುವಂತಿಲ್ಲ.

ಇಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಎಣ್ಣೆಯಲ್ಲಿ ಕರಗಿದ ಅನಿಲಗಳನ್ನು ಅಳೆದು ಟ್ರಾನ್ಸ್‌ಫಾರ್ಮರಿನ ಆರೋಗ್ಯ ತಿಳಿಯುವ ಕ್ರಮ ಬಹುಕಾಲದಿಂದ ಇದೆ. ಅಸಿಟಿಲೀನ್ ಕಂಡರೆ ಒಳಗೆ ಕಿಡಿ ಹಾರಿದೆ ಎಂದೂ, ಎಥಿಲೀನ್ ಏರಿದರೆ ಎಣ್ಣೆ ಎಲ್ಲೋ ಅತಿಯಾಗಿ ಕಾದಿದೆ ಎಂದೂ ತಜ್ಞರು ಊಹಿಸುತ್ತಾರೆ. ಇದು ಬಹಳ ಉಪಯುಕ್ತ. ಆದರೆ ಕಪ್ಪು ಕಿಲುಬು ಸದ್ದಿಲ್ಲದೆ ಬೆಳೆಯುವಾಗ ಈ ಅನಿಲಗಳು ಮುನ್ಸೂಚನೆ ಕೊಡುತ್ತವೆಂಬ ಭರವಸೆಯಿಲ್ಲ. ಬೂದಿ ಮುಚ್ಚಿದ ಕೆಂಡದಂತೆ ಅದು ಒಳಗೇ ಇರುತ್ತದೆ. ಅನಿಲ ಪರೀಕ್ಷೆ ಚೆನ್ನಾಗಿ ಬಂದಿತೆಂದು ಸುಮ್ಮನಿರದೆ ಗಂಧಕದ ಪರೀಕ್ಷೆಯನ್ನು ಬೇರೆಯಾಗಿಯೇ ಮಾಡಿಸಬೇಕು.

ದೋಷ ಕಂಡರೆ ಮದ್ದಿಲ್ಲವೇ? ಇದೆ. ಟ್ರಯಝೋಲ್ ಜಾತಿಯ ರಾಸಾಯನಿಕವನ್ನು ಸಾಮಾನ್ಯವಾಗಿ ಒಂದು ಕಿಲೋ ಎಣ್ಣೆಗೆ 100 ಮಿಲಿಗ್ರಾಮಿನಂತೆ ಬೆರೆಸುತ್ತಾರೆ. ಅದು ತಾಮ್ರದ ಮೇಲೆ ತೆಳುವಾದ ಪೊರೆಯಾಗಿ ನಿಂತು ಗಂಧಕವನ್ನು ತಡೆಯುತ್ತದೆ. ಆದರೆ ಕಾಲಕ್ರಮದಲ್ಲಿ ಅದು ಸವೆಯುವುದರಿಂದ ಎಷ್ಟು ಉಳಿದಿದೆಯೆಂದು ಆಗಾಗ ಅಳೆಯಬೇಕಾಗುತ್ತದೆ. ಕಾಗದದ ಮೇಲೆ ಈಗಾಗಲೇ ಕೂತ ಕಿಲುಬನ್ನು ಅದು ತೆಗೆಯಲಾರದು. ಎಣ್ಣೆಯನ್ನೇ ಬದಲಿಸಿದರೂ ಕಾಗದದ ಮೇಲಿನದು ಹೋಗದು. ಮೊದಲೇ ಕಂಡುಹಿಡಿಯುವುದರ ಬೆಲೆ ಇರುವುದು ಇಲ್ಲಿಯೇ.

ಕಂಬದ ಮೇಲಿನ ಸಣ್ಣ ಟ್ರಾನ್ಸ್‌ಫಾರ್ಮರುಗಳಲ್ಲಿ ಅಲ್ಯುಮಿನಿಯಂ ಸುರುಳಿಗಳೂ ಬಹಳ ಇರುವುದರಿಂದ ಅವಕ್ಕೆ ಈ ರೋಗದ ಭಯ ಕಡಿಮೆ. ಅವುಗಳಿಗೆ ಅತಿಹೊರೆ, ಎಣ್ಣೆ ಸೋರಿಕೆ, ನೀರಿನ ಪಸೆ ಇವೇ ಮುಖ್ಯ ಶತ್ರುಗಳು. ಎಣ್ಣೆ ಸೋರಿದ ಕಲೆ ಕಂಡರೆ ಹತ್ತಿರ ಹೋಗದೆ ಲೈನ್‌ಮ್ಯಾನಿಗೆ ತಿಳಿಸುವುದೊಂದೇ ನಮ್ಮ ಕೆಲಸ. ಆದರೆ ಆ ಸಣ್ಣವಕ್ಕೆ ವಿದ್ಯುತ್ತು ಬರುವುದು ಉಪಕೇಂದ್ರದ ದೊಡ್ಡದರಿಂದ ಎಂಬುದನ್ನು ಮರೆಯಬಾರದು.

ಬೆಂಗಳೂರಿನಲ್ಲಿ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಟ್ರಾನ್ಸ್‌ಫಾರ್ಮರ್ ಎಣ್ಣೆಯ ಪರೀಕ್ಷೆಗೆ ವ್ಯವಸ್ಥೆಯಿದೆ. ಹೊಸ ಎಣ್ಣೆಗೆ ಸಂಬಂಧಿಸಿದ ಭಾರತೀಯ ಮಾನಕ, ಐ.ಎಸ್. 335, 2018ರಲ್ಲಿ ಪರಿಷ್ಕೃತವಾಗಿದೆ. ಆದರೆ ಹಳೆಯ ಟ್ರಾನ್ಸ್‌ಫಾರ್ಮರುಗಳಲ್ಲಿ ಹಳೆಯ ಎಣ್ಣೆಯೇ ಇರಬಹುದಷ್ಟೆ.

ಆದುದರಿಂದ ಗ್ರಾಹಕರ ಸಭೆ ನಡೆದಾಗ ಒಂದು ಪ್ರಶ್ನೆ ಕೇಳುವುದು ಯೋಗ್ಯವೆಂದು ನಮಗೆ ತೋರುತ್ತದೆ: ನಮ್ಮ ಉಪಕೇಂದ್ರದ ಎಣ್ಣೆಗೆ ಗಂಧಕದ ಪರೀಕ್ಷೆ ಕೊನೆಯ ಬಾರಿ ನಡೆದದ್ದು ಯಾವಾಗ, ಹಳೆಯ ಕ್ರಮದಲ್ಲೋ ಹೊಸ ಕ್ರಮದಲ್ಲೋ? 2005ರ ಮಾಹಿತಿ ಹಕ್ಕು ಕಾಯಿದೆಯ ಮೂಲಕ ಲಿಖಿತವಾಗಿಯೂ ಕೇಳಬಹುದು. ಉದಗೀರದಲ್ಲಿ ಮರಾಠಿಯಲ್ಲಿ, ನಮ್ಮಲ್ಲಿ ಕನ್ನಡದಲ್ಲೋ ಮಲಯಾಳದಲ್ಲೋ ಕೇಳಿದರಾಯಿತು. ಗಡಿಯಂಚಿನ ಊರುಗಳ ಕೂಗು ಕೇಂದ್ರದವರ ಕಿವಿಗೆ ತಡವಾಗಿ ಬೀಳುವುದು ನಮಗೆ ಗೊತ್ತಿಲ್ಲದ ಸಂಗತಿಯಲ್ಲ. ದೀಪ ಆರಿದ ಮೇಲೆ ಕೂಗುವುದಕ್ಕಿಂತ ಉರಿಯುತ್ತಿರುವಾಗಲೇ ಕೇಳುವುದು ಲೇಸು.