ನ್ಯಾಯಾಲಯದಿಂದ ಕಾದಂಬರಿಗೆ

ರೋಚಕ ಕಾದಂಬರಿಗಳು ಹೊತ್ತು ಕಳೆಯುವುದಕ್ಕಲ್ಲದೆ ಬೇರಾವ ಪ್ರಯೋಜನಕ್ಕೂ ಬಾರವೆಂಬುದು ಹಲವರ ಭಾವನೆ. ಆದರೆ ಅಂತಹ ಕಾದಂಬರಿಗಳ ಮೂಲಕವೇ ತಮ್ಮ ನಾಡಿನ ನ್ಯಾಯವ್ಯವಸ್ಥೆಯ ಗುಣದೋಷಗಳನ್ನು ಅಸಂಖ್ಯ ಓದುಗರ ಮುಂದಿಟ್ಟ ಲೇಖಕರೊಬ್ಬರಿದ್ದಾರೆ. ಅವರೇ ಅಮೆರಿಕದ ಜಾನ್ ಗ್ರಿಶಮ್.

ಗ್ರಿಶಮ್ ಅವರು 1955ರ ಫೆಬ್ರವರಿ 8ರಂದು ಅರ್ಕನ್ಸಾ ರಾಜ್ಯದ ಜೋನ್ಸ್‌ಬರೋದಲ್ಲಿ ಜನಿಸಿದರು. ತಂದೆ ಹತ್ತಿ ಬೆಳೆಯುತ್ತಿದ್ದರು. ಕಟ್ಟಡಗಳ ಕೆಲಸವನ್ನೂ ಮಾಡುತ್ತಿದ್ದರು. ಮಗನು ಮಿಸಿಸಿಪಿ ರಾಜ್ಯದಲ್ಲಿ ಲೆಕ್ಕಶಾಸ್ತ್ರವನ್ನು ಓದಿ, 1981ರಲ್ಲಿ ಕಾನೂನಿನ ಪದವಿಯನ್ನು ಪಡೆದು, ಸೌತ್‌ಹೇವನ್ ಎಂಬ ಊರಿನಲ್ಲಿ ವಕೀಲಿ ವೃತ್ತಿಯನ್ನು ಕೈಗೊಂಡನು. 1983ರಲ್ಲಿ ರಾಜ್ಯದ ಶಾಸನಸಭೆಗೂ ಆಯ್ಕೆಯಾದನು.

ಒಮ್ಮೆ ನ್ಯಾಯಾಲಯದಲ್ಲಿ, ದೌರ್ಜನ್ಯಕ್ಕೆ ಗುರಿಯಾದ ಬಾಲಕಿಯೊಬ್ಬಳು ನುಡಿದ ಸಾಕ್ಷ್ಯ ಈ ತರುಣ ವಕೀಲರ ಮನಸ್ಸನ್ನು ಕಲಕಿತು. ಇಂತಹ ಮಗುವಿನ ತಂದೆಯೇ ಅಪರಾಧಿಗಳನ್ನು ಕೊಂದರೆ ನ್ಯಾಯಾಲಯ ಏನು ಹೇಳೀತು? ಈ ಪ್ರಶ್ನೆಯಿಂದ ಅವರ ಮೊದಲ ಕಾದಂಬರಿ ‘ಎ ಟೈಮ್ ಟು ಕಿಲ್’ ಹುಟ್ಟಿತು. ಬೆಳಗಿನ ಐದು ಗಂಟೆಗೆ ಎದ್ದು, ಕಚೇರಿಯ ಕೆಲಸಕ್ಕೆ ಮುನ್ನ ಬರೆಯುತ್ತ ಅದನ್ನು ಮುಗಿಸಲು ಮೂರು ವರ್ಷ ಹಿಡಿಯಿತು. ಅನೇಕ ಪ್ರಕಾಶಕರು ಹಿಂದಿರುಗಿಸಿದ ಆ ಕೃತಿ 1989ರಲ್ಲಿ ಕೇವಲ 5,000 ಪ್ರತಿಗಳಲ್ಲಿ ಅಚ್ಚಾಯಿತು. ಗ್ರಿಶಮ್ ಎದೆಗುಂದಲಿಲ್ಲ. ಮೊದಲನೆಯದು ಮುಗಿದೊಡನೆಯೇ ಎರಡನೆಯದನ್ನು ಆರಂಭಿಸಿದ್ದರು. 1991ರಲ್ಲಿ ಹೊರಬಂದ ‘ದಿ ಫರ್ಮ್’ ಅವರಿಗೆ ಕೀರ್ತಿಯನ್ನು ತಂದಿತು.

ಅವರ ಕಥೆಗಳಲ್ಲಿ ಕುತೂಹಲ ಹುಟ್ಟುವುದು ಆಯುಧಗಳಿಂದಲ್ಲ. ಕೈಯಲ್ಲಿ ಹಣವಿಲ್ಲದ, ಅನುಭವವಿಲ್ಲದ ವಕೀಲನು ಬಲಾಢ್ಯರಾದ ಸಂಸ್ಥೆಗಳನ್ನು ಎದುರಿಸುತ್ತಾನೆ. ಒಂದು ಕಾಗದಪತ್ರ, ಒಬ್ಬ ಸಾಕ್ಷಿ, ಪಂಚಾಯ್ತರ ಒಂದು ನಿರ್ಣಯ ಇಡೀ ಬದುಕನ್ನೇ ಬದಲಿಸಬಲ್ಲುದು. ಓದುಗನು ಉಸಿರು ಬಿಗಿಹಿಡಿದು ಪುಟ ತಿರುವುತ್ತಲೇ ಕಾನೂನಿನ ನಡೆಯನ್ನೂ ಅರಿಯುತ್ತಾನೆ.

2006ರಲ್ಲಿ ಗ್ರಿಶಮ್ ಕಲ್ಪನೆಯನ್ನು ಬದಿಗಿರಿಸಿ ‘ದಿ ಇನ್ನೊಸೆಂಟ್ ಮ್ಯಾನ್’ ಎಂಬ ಸತ್ಯಕಥೆಯನ್ನು ಬರೆದರು. ಓಕ್ಲಹೋಮ ರಾಜ್ಯದ ರಾನ್ ವಿಲಿಯಮ್‌ಸನ್ ಎಂಬಾತನಿಗೆ ಮಾಡದ ಕೊಲೆಗಾಗಿ 1988ರಲ್ಲಿ ಮರಣದಂಡನೆ ವಿಧಿಸಲಾಗಿತ್ತು. 1994ರಲ್ಲಿ, ಶಿಕ್ಷೆಗೆ ಐದೇ ದಿನ ಉಳಿದಿರುವಾಗ ನ್ಯಾಯಾಲಯ ತಡೆಯಾಜ್ಞೆ ನೀಡಿತು. 1999ರಲ್ಲಿ ಡಿ.ಎನ್.ಎ. ಪರೀಕ್ಷೆ ಆತನ ನಿರ್ದೋಷತ್ವವನ್ನು ಸಾಬೀತುಗೊಳಿಸಿತು. ಬಿಡುಗಡೆ ಹೊಂದಿದರೂ ಕಳೆದ ವರ್ಷಗಳು ಮರಳಿ ಬರಲಿಲ್ಲ. ಆರು ವರ್ಷ ತುಂಬುವ ಮೊದಲೇ ಆತ ತೀರಿಕೊಂಡನು. ಆತನ ನಿಧನವಾರ್ತೆಯನ್ನು ಪತ್ರಿಕೆಯಲ್ಲಿ ಓದಿದ ಗ್ರಿಶಮ್ ಈ ಗ್ರಂಥಕ್ಕೆ ಕೈಹಾಕಿದರು. ನಿರಪರಾಧಿಗಳ ಬಿಡುಗಡೆಗಾಗಿ ಶ್ರಮಿಸುವ ‘ಇನ್ನೊಸೆನ್ಸ್ ಪ್ರಾಜೆಕ್ಟ್’ ಸಂಸ್ಥೆಯೊಡನೆಯೂ ಅವರು ದುಡಿದಿದ್ದಾರೆ.

ಕಾದಂಬರಿಯಲ್ಲಿ ಸತ್ಯವು ಕೊನೆಯ ಪುಟದಲ್ಲಿಯಾದರೂ ಗೆಲ್ಲುತ್ತದೆ. ಬದುಕಿನಲ್ಲಿ ಅದನ್ನು ಗೆಲ್ಲಿಸಲು ಎಚ್ಚರವುಳ್ಳ ಮನುಷ್ಯರು ಬೇಕು. ಆ ಎಚ್ಚರವನ್ನು ಓದುಗನಲ್ಲಿ ಮೂಡಿಸಿದುದೇ ಗ್ರಿಶಮ್ ಅವರ ಬರಹದ ಸಾರ್ಥಕತೆ.